ಮುಟ್ಟದೆ ತೆಗೆದ ಅಳತೆ

ಫೆಬ್ರವರಿಯ ಕೊನೆಯ ವಾರ ಸಕಲೇಶಪುರದ ಕಡೆಯ ತೋಟದವರೊಬ್ಬರು ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿರುವ ನಮ್ಮ ವರ್ಕ್‌ಶಾಪಿಗೆ ಗೋಣಿಚೀಲದಲ್ಲಿ ಸುತ್ತಿಕೊಂಡು ಒಂದು ಇಂಪೆಲ್ಲರ್ ತಂದರು. ಪಂಪಿನ ಹೊಟ್ಟೆಯೊಳಗೆ ತಿರುಗಿ ನೀರನ್ನು ಹೊರಕ್ಕೆ ಎಸೆಯುವ ಎರಕದ ಚಕ್ರ ಅದು. ಅಂಚು ತಿಂದುಹೋಗಿತ್ತು, ಮೈಯೆಲ್ಲ ಸಿಡುಬಿನ ಕಲೆಯ ಹಾಗೆ ಗುಳಿ ಬಿದ್ದಿತ್ತು.

"ಈ ಪಂಪ್ ಮಾಡ್ತಿದ್ದ ಕಂಪನಿನೇ ಈಗಿಲ್ಲ ಕಣ್ರೀ. ರೋಬಸ್ಟಾಕ್ಕೆ ಹೂವಿನ ನೀರು ಕೊಡೋ ಹೊತ್ತು. ಸ್ಪ್ರಿಂಕ್ಲರ್ ಓಡ್ಲಿಲ್ಲ ಅಂದ್ರೆ ಈ ವರ್ಷದ ಫಸಲು ಹೋಯ್ತು ಅಂತಲೇ ಲೆಕ್ಕ," ಅಂದರು.

ಅದನ್ನು ಮೇಜಿನ ಮೇಲಿಟ್ಟು ನಮ್ಮ ಲೇತಿನ ಮೇಸ್ತ್ರಿ ವರ್ನಿಯರ್ ಹಿಡಿದರು. ಹೊರಗಿನ ವ್ಯಾಸ ಸಿಕ್ಕಿತು. ಶಾಫ್ಟ್ ಕೂರುವ ರಂಧ್ರ ಸಿಕ್ಕಿತು. ಚಕ್ರ ಶಾಫ್ಟಿನ ಮೇಲೆ ಜಾರದಂತೆ ಹಿಡಿಯುವ ಕೀ ಎಂಬ ಲೋಹದ ತುಂಡು ಕೂರುವ ಸೀಳಿನ ಅಗಲ, ಆಳ ಸಿಕ್ಕವು. ಆಮೇಲೆ ಅವರ ಕೈ ನಿಂತಿತು. ಇಂಪೆಲ್ಲರಿನ ಜೀವ ಇರುವುದು ಅದರ ರೆಕ್ಕೆಗಳಲ್ಲಿ. ಒಂದೊಂದು ರೆಕ್ಕೆಯೂ ನಡುವಿನಿಂದ ಅಂಚಿಗೆ ಹೋಗುವಾಗ ಹಿಂದಕ್ಕೆ ಬಾಗುತ್ತದೆ, ಜೊತೆಗೆ ತಿರುಚಿಕೊಳ್ಳುತ್ತದೆ. ಎಲ್ಲೂ ಸಪಾಟಿಲ್ಲ, ಎಲ್ಲೂ ಗುಂಡಿಲ್ಲ. ಎರಡು ದವಡೆಗಳ ನಡುವೆ ಹಿಡಿದು ಅಳೆಯುವ ಸಾಧನಕ್ಕೆ ಇಂಥ ಮೈ ಸಿಕ್ಕುವುದೇ ಇಲ್ಲ. ಬೆಳಕಿನಿಂದ ಅಳೆಯುವ ಸ್ಕ್ಯಾನರ್ ಬೇಕಾಗುವುದು ಇಲ್ಲಿ. ಅದನ್ನು ಮಾಯದ ಪೆಟ್ಟಿಗೆ ಎಂದುಕೊಂಡು ಬರುವವರೂ ಇದ್ದಾರೆ, ಫೋಟೋ ತೆಗೆಯುವ ಇನ್ನೊಂದು ಯಂತ್ರ ಎಂದುಕೊಂಡು ಬರುವವರೂ ಇದ್ದಾರೆ. ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಹಂಚಿನ ಮಾಡಿನ ಒಂದು ಉಗ್ರಾಣವನ್ನು ನೆನೆಸಿಕೊಳ್ಳಿ. ಎರಡು ಹಂಚಿನ ಸಂದಿಯಿಂದ ಬಿಸಿಲಿನ ತೆಳುವಾದ ಗೆರೆಯೊಂದು ಒಳಗೆ ಬಿದ್ದಿದೆ. ಸಾರಿಸಿದ ನೆಲದ ಮೇಲೆ ಅದು ದಾರ ಎಳೆದ ಹಾಗೆ ನೇರ. ಅದರ ದಾರಿಗೆ ಒಂದು ಕಾಫಿ ಮೂಟೆ ತಂದಿಡಿ. ಗೆರೆ ಮೂಟೆಯ ಬದಿ ಹತ್ತಿ, ಹೊಟ್ಟೆಯನ್ನು ಬಳಸಿ, ಆಚೆ ಇಳಿದು ಮತ್ತೆ ನೆಲ ಸೇರುತ್ತದೆ. ಪಕ್ಕದಲ್ಲಿ ನಿಂತ ನಿಮಗೆ ಗೆರೆ ಎಲ್ಲಿ ಎಷ್ಟು ಬಾಗಿತು ಎಂಬುದರಲ್ಲೇ ಮೂಟೆಯ ಆಕಾರ ಕಾಣುತ್ತದೆ. ಈಗ ಏಣಿ ಹತ್ತಿ, ಬಿಸಿಲು ಬರುವ ಸಂದಿಗೇ ಕಣ್ಣಿಟ್ಟು ನೋಡಿದರೆ? ಮೂಟೆ ಇರಲಿ, ಇಲ್ಲದಿರಲಿ, ಗೆರೆ ನೇರವಾಗಿಯೇ ಕಾಣುತ್ತದೆ.

ಲೇಸರ್ ಸ್ಕ್ಯಾನರಿನ ಗುಟ್ಟೆಲ್ಲ ಇಷ್ಟೇ. ಬೆಳಕು ಒಂದು ಕಡೆಯಿಂದ ಬರಬೇಕು, ನೋಟ ಇನ್ನೊಂದು ಕಡೆಯಿಂದ ಇರಬೇಕು. ಬಿಸಿಲಿನ ಸಂದಿಯ ಜಾಗದಲ್ಲಿ ಲೇಸರ್, ನಿಮ್ಮ ಕಣ್ಣಿನ ಜಾಗದಲ್ಲಿ ಕ್ಯಾಮೆರಾ. ಇವೆರಡರ ನಡುವಿನ ಅಂತರ ತಯಾರಾಗುವಾಗಲೇ ಗೊತ್ತು. ಲೇಸರ್ ಯಾವ ಕೋನದಲ್ಲಿ ಹೊರಟಿತು ಎಂಬುದೂ ಗೊತ್ತು. ಬೆಳಕು ಬಿದ್ದ ಚುಕ್ಕೆ ಕ್ಯಾಮೆರಾದ ಯಾವ ಪಿಕ್ಸೆಲ್ಲಿನಲ್ಲಿ ಕಂಡಿತು ಎಂಬುದರಿಂದ ನೋಟದ ಕೋನ ಸಿಗುತ್ತದೆ. ಒಂದು ಬಾಹು, ಎರಡು ಕೋನ ಗೊತ್ತಿದ್ದರೆ ತ್ರಿಕೋನ ಪೂರ್ತಿಯಾಗುತ್ತದೆ ಎಂದು ಹೈಸ್ಕೂಲಿನಲ್ಲಿ ಕಲಿತಿದ್ದೇವಲ್ಲ, ಅದೇ ಪಾಠ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನಲ್ಲಿ ನೆಲದ ಮೇಲೆ ಒಂದು ಗೆರೆ ಅಳೆದು, ಅಲ್ಲಿಂದ ಬೆಟ್ಟದ ತುದಿಯಿಂದ ಬೆಟ್ಟದ ತುದಿಗೆ ಕೋನ ಹಿಡಿಯುತ್ತ ಮಂಗಳೂರಿನ ಕಡಲತನಕ ತ್ರಿಕೋನಗಳ ಸರಪಳಿ ಕಟ್ಟಿಸಿದ್ದೂ ಇದೇ ವಿದ್ಯೆಯಿಂದ. ಅಲ್ಲಿ ಮೈಲುಗಳಲ್ಲಿದ್ದದ್ದು ಇಲ್ಲಿ ಮಿಲಿಮೀಟರಿಗೆ ಇಳಿದಿದೆ, ಮತ್ತು ಸೆಕೆಂಡಿಗೆ ಲಕ್ಷಗಟ್ಟಲೆ ತ್ರಿಕೋನ ಬಿಡಿಸುವ ಕೆಲಸ ಕಂಪ್ಯೂಟರಿನ ಪಾಲಿಗೆ ಬಂದಿದೆ.

ಎಷ್ಟು ನಿಖರ ಎಂದು ಎಲ್ಲರೂ ಕೇಳುತ್ತಾರೆ. ಲೆಕ್ಕ ಹಾಕಿಯೇ ನೋಡೋಣ. ಲೇಸರ್ ನೇರ ಮೇಲಿನಿಂದ ಬೀಳುತ್ತಿದೆ, ಕ್ಯಾಮೆರಾ ಅದಕ್ಕೆ 30 ಡಿಗ್ರಿ ಓರೆಯಲ್ಲಿದೆ ಅನ್ನಿ. ಮೈ 1 ಮಿ.ಮೀ. ಎತ್ತರವಾದರೆ ಕ್ಯಾಮೆರಾಕ್ಕೆ ಗೆರೆ ಅರ್ಧ ಮಿ.ಮೀ. ಸರಿದ ಹಾಗೆ ಕಾಣುತ್ತದೆ. ಕ್ಯಾಮೆರಾ 200 ಮಿ.ಮೀ. ಅಗಲವನ್ನು 4000 ಪಿಕ್ಸೆಲ್ಲಿನಲ್ಲಿ ನೋಡುತ್ತಿದ್ದರೆ ಒಂದು ಪಿಕ್ಸೆಲ್ಲಿಗೆ 0.05 ಮಿ.ಮೀ. ಲೇಸರ್ ಗೆರೆ ಹಲವು ಪಿಕ್ಸೆಲ್ ದಪ್ಪ ಇರುವುದರಿಂದ ಅದರ ಬೆಳಕು ನಡುವೆ ಹೆಚ್ಚು, ಅಂಚಿಗೆ ಕಡಿಮೆ. ಆ ಏರಿಳಿತ ನೋಡಿ ಗೆರೆಯ ನಡುಬಿಂದುವನ್ನು ಪಿಕ್ಸೆಲ್ಲಿನ ಹತ್ತನೇ ಒಂದು ಪಾಲಿನಷ್ಟು ಸೂಕ್ಷ್ಮವಾಗಿ ಹಿಡಿಯಬಹುದು. ಹಾಗಾದರೆ ಎತ್ತರದ ಲೆಕ್ಕ 0.01 ಮಿ.ಮೀ.ಗೆ ಬಂತು. ಇದು ಕಾಗದದ ಮೇಲಿನ ಲೆಕ್ಕ. ಲೆನ್ಸಿನ ದೋಷ, ಸೆಕೆ, ಕೈನಡುಕ, ಮೈಯ ಹೊಳಪು ಎಲ್ಲ ಸೇರಿದ ಮೇಲೆ ವರ್ಕ್‌ಶಾಪಿನಲ್ಲಿ ಸಿಗುವುದು ಇದರ ಎರಡು ಮೂರು ಪಟ್ಟು ಸಡಿಲ.

ಕೋನ ಹೆಚ್ಚಿಸಿದರೆ ಗೆರೆ ಇನ್ನೂ ಹೆಚ್ಚು ಸರಿದು ನಿಖರತೆ ಏರುತ್ತದೆ. ಆದರೆ ಚುಕ್ಕೆ ಲೇಸರಿಗೂ ಕಾಣಬೇಕು, ಕ್ಯಾಮೆರಾಕ್ಕೂ ಕಾಣಬೇಕು. ಅಗಲ ಕೋನದಲ್ಲಿ ಕೂತ ಎರಡು ಕಣ್ಣು ಆಳವಾದ ಗುಳಿಯ ತಳವನ್ನು ಒಟ್ಟಿಗೆ ನೋಡಲಾರವು. ಬೇಲೂರಿನ ಮದನಿಕೆಯ ತಲೆಯ ಮೇಲಿನ ಎಲೆಬಳ್ಳಿಯ ಹಂದರ ನೋಡಿದ್ದೀರಲ್ಲ? ಬಳ್ಳಿಯ ಹಿಂದೆ ಕಲ್ಲನ್ನು ಕೊರೆದು ಟೊಳ್ಳು ಮಾಡಿದ್ದಾರೆ. ಆ ಟೊಳ್ಳಿನೊಳಗೆ ಒಂದು ಕಡೆಯಿಂದ ಬೆಳಕು ಹೋದರೆ ಇನ್ನೊಂದು ಕಡೆಯ ನೋಟಕ್ಕೆ ಬಳ್ಳಿಯೇ ಅಡ್ಡ. ಅಂಥ ಜಾಗದಲ್ಲಿ ಸ್ಕ್ಯಾನರ್ ಹತ್ತಾರು ಕಡೆಯಿಂದ ಇಣುಕಬೇಕು, ಆದರೂ ಕೆಲವು ಮೂಲೆ ತೂತಾಗಿಯೇ ಉಳಿಯುತ್ತವೆ.

ತ್ರಿಕೋನದ ರಗಳೆ ಯಾಕೆ, ಬೆಳಕು ಹೋಗಿ ಬಂದ ಸಮಯವನ್ನೇ ಅಳೆಯಬಾರದೇ ಎಂದು ಒಬ್ಬ ಡಿಪ್ಲೊಮಾ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ನಮ್ಮೂರ ಸಾಲಗಾಮೆ ರಸ್ತೆಯಲ್ಲಿ 1982ರಿಂದ ಕೆಲಸ ಮಾಡುತ್ತಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರಕ್ಕೆ ಉಪಗ್ರಹಗಳು ಸುಮಾರು 36,000 ಕಿ.ಮೀ. ದೂರ. ಸಂಕೇತ ಹೋಗಿ ಬರಲು ಕಾಲು ಸೆಕೆಂಡಿನ ಹತ್ತಿರ ಬೇಕು, ಅಷ್ಟನ್ನು ಅಳೆಯುವುದು ಸುಲಭ. ಮೇಜಿನ ಮೇಲಿನ ಪಾರ್ಟಿನಲ್ಲಿ 0.05 ಮಿ.ಮೀ. ವ್ಯತ್ಯಾಸ ಹಿಡಿಯಬೇಕಾದರೆ? ಒಂದು ಸೆಕೆಂಡನ್ನು ಮೂರು ಲಕ್ಷ ಕೋಟಿ ಪಾಲು ಮಾಡಿ ಅದರಲ್ಲಿ ಒಂದು ಪಾಲನ್ನು ಗುರುತಿಸಬೇಕು. ಹಾಗಾಗಿ ಸಮಯ ಅಳೆಯುವ ಸ್ಕ್ಯಾನರುಗಳು ಕಟ್ಟಡ, ಸೇತುವೆ, ಗಣಿಗಳಿಗೆ ಹೋದವು. ಯಂತ್ರದ ಬಿಡಿಭಾಗಗಳ ಲೋಕದಲ್ಲಿ ತ್ರಿಕೋನವೇ ಉಳಿಯಿತು.

ಒಂದು ಗೆರೆಯನ್ನು ಮೈಯುದ್ದಕ್ಕೂ ಓಡಿಸುವುದರ ಬದಲು ಒಂದೇ ಸಲಕ್ಕೆ ಮೈಪೂರ್ತಿ ಗೆರೆ ಹೊದಿಸುವ ಇನ್ನೊಂದು ಬಗೆಯೂ ಇದೆ. ಪ್ರೊಜೆಕ್ಟರ್ ಕಪ್ಪುಬಿಳುಪು ಪಟ್ಟಿಗಳನ್ನು ಪಾರ್ಟಿನ ಮೇಲೆ ಚೆಲ್ಲುತ್ತದೆ, ಕ್ಯಾಮೆರಾ ನೋಡುತ್ತದೆ. ತೊಡಕು ಏನೆಂದರೆ ನೂರಾರು ಪಟ್ಟಿಗಳಲ್ಲಿ ಯಾವುದು ಎಷ್ಟನೆಯದು ಎಂದು ತಿಳಿಯಬೇಕು. ಅದಕ್ಕೆ ಒಂದರ ಹಿಂದೊಂದು ಬೇರೆ ಬೇರೆ ಪಟ್ಟಿಚಿತ್ರ ಹಾಕುತ್ತಾರೆ. ಮೊದಲು ಅರ್ಧ ಕಪ್ಪು, ಅರ್ಧ ಬಿಳಿ. ಆಮೇಲೆ ಕಾಲುಕಾಲು. ಹೀಗೆ ತೆಳ್ಳಗಾಗುತ್ತ ಹೋಗುತ್ತದೆ. ಮೈಮೇಲಿನ ಒಂದೊಂದು ಬಿಂದುವೂ ತನ್ನ ಪಾಲಿಗೆ 'ಬೆಳಕು, ಕತ್ತಲೆ, ಕತ್ತಲೆ, ಬೆಳಕು' ಎಂಬ ಸರಣಿಯನ್ನು ಕಾಣುತ್ತದೆ. ಆ ಸರಣಿಯೇ ಅದರ ವಿಳಾಸ. ಹತ್ತು ಚಿತ್ರಕ್ಕೆ 1024 ವಿಳಾಸಗಳು. ಪಕ್ಕಪಕ್ಕದ ಎರಡು ವಿಳಾಸಗಳ ನಡುವೆ ಒಂದೇ ಒಂದು ಅಕ್ಷರ ಬದಲಾಗುವಂತೆ ಜೋಡಿಸಿರುತ್ತಾರೆ. ಅದಕ್ಕೆ ಗ್ರೇ ಕೋಡ್ ಎಂದು ಹೆಸರು, ಬೆಲ್ ಲ್ಯಾಬ್ಸಿನ ಫ್ರ್ಯಾಂಕ್ ಗ್ರೇ ಅವರಿಂದ ಬಂದದ್ದು. ಪಟ್ಟಿಯ ಅಂಚಿನಲ್ಲಿ ಕ್ಯಾಮೆರಾ ಅನುಮಾನಿಸಿದರೂ ತಪ್ಪು ಒಂದು ಮನೆಗಿಂತ ಆಚೆ ಹೋಗುವುದಿಲ್ಲ. ಕೊನೆಗೆ ಅಲೆಯಂತೆ ಮೆಲ್ಲಗೆ ಮಬ್ಬಾಗಿ ಬೆಳಗುವ ಪಟ್ಟಿಗಳನ್ನು ಸ್ವಲ್ಪ ಸ್ವಲ್ಪ ಸರಿಸಿ ಮೂರು ನಾಲ್ಕು ಚಿತ್ರ ತೆಗೆದರೆ ವಿಳಾಸ ಇನ್ನೂ ಸೂಕ್ಷ್ಮವಾಗುತ್ತದೆ. 2017ರಲ್ಲಿ ಬಂದ ಐಫೋನ್ ಎಕ್ಸ್ ಮುಖದ ಮೇಲೆ ಕಣ್ಣಿಗೆ ಕಾಣದ ಮೂವತ್ತು ಸಾವಿರಕ್ಕೂ ಹೆಚ್ಚು ಚುಕ್ಕಿ ಚೆಲ್ಲಿ ಯಜಮಾನನನ್ನು ಗುರುತು ಹಿಡಿಯುವುದೂ ಈ ಕುಟುಂಬದ್ದೇ ವಿದ್ಯೆ.

ಈ ಚಿತ್ರಗಳನ್ನೆಲ್ಲ ತೆಗೆದು ಮುಗಿಯುವ ತನಕ ಪಾರ್ಟ್ ಅಲುಗಬಾರದು. ನಮ್ಮ ವರ್ಕ್‌ಶಾಪಿನ ಪಕ್ಕದಲ್ಲೇ ಪವರ್ ಪ್ರೆಸ್ ಇದೆ. ಅದು ಏಟು ಹಾಕಿದಾಗಲೆಲ್ಲ ಪರದೆಯ ಮೇಲೆ ನಯವಾದ ಮೈ ನೀರಿನ ತೆರೆಯ ಹಾಗೆ ಸುಕ್ಕಾಗಿ ಬರುತ್ತದೆ. ಸೂಕ್ಷ್ಮ ಕೆಲಸವನ್ನು ನಾವು ಅವರ ಊಟದ ಹೊತ್ತಿಗೆ ಇಟ್ಟುಕೊಳ್ಳುತ್ತೇವೆ.

ಬೆಳಕಿಗೆ ಒಗ್ಗದ ಮೈಗಳಿವೆ. ಪಾಲಿಶ್ ಮಾಡಿದ ಸ್ಟೀಲ್ ಕನ್ನಡಿಯ ಹಾಗೆ ಗೆರೆಯನ್ನು ಇನ್ನೆಲ್ಲಿಗೋ ಎಸೆಯುತ್ತದೆ. ಕಪ್ಪು ರಬ್ಬರ್ ಬೆಳಕನ್ನು ನುಂಗುತ್ತದೆ. ಗಾಜು ದಾಟಿಸಿಬಿಡುತ್ತದೆ. ಅಮೃತಶಿಲೆಯದು ಇನ್ನೊಂದು ಕಥೆ. 1990ರ ದಶಕದ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು ಫ್ಲಾರೆನ್ಸಿನಲ್ಲಿ ಮೈಕೆಲೆಂಜಲೊನ ಡೇವಿಡ್ ಶಿಲ್ಪವನ್ನು ಲೇಸರಿನಿಂದ ಸ್ಕ್ಯಾನ್ ಮಾಡಿದಾಗ, ಬೆಳಕು ಕಲ್ಲಿನೊಳಕ್ಕೆ ತುಸು ಇಳಿದು ಚೆದುರಿ ಬರುವುದರಿಂದ ಅಳತೆಯಲ್ಲಿ ಗೊಜಲು ಬರುತ್ತದೆ ಎಂದು ಕಂಡುಕೊಂಡಿತು. ಕಲ್ಲಿನ ಮೈ ಎಲ್ಲಿ ಶುರುವಾಗುತ್ತದೆ ಎಂಬುದೇ ಬೆಳಕಿಗೆ ಖಚಿತವಿಲ್ಲ. ವರ್ಕ್‌ಶಾಪಿನಲ್ಲಿ ಇದಕ್ಕೆಲ್ಲ ಮದ್ದು ಬಿಳಿ ಪುಡಿಯ ಸ್ಪ್ರೇ. ಇಬ್ಬನಿಯಷ್ಟು ತೆಳ್ಳಗೆ ಹೊಡೆದರೆ ಮೈ ಮಂಕಾಗಿ ಗೆರೆ ಸ್ಪಷ್ಟವಾಗಿ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗಿ ಆವಿಯಾಗಿ ಹೋಗುವ ಸ್ಪ್ರೇಗಳೂ ಬಂದಿವೆ. ಆದರೆ ಗೋಡೆಗೆ ಸುಣ್ಣ ಹೊಡೆದ ಹಾಗೆ ಹೊಡೆದರೆ ಅಳೆಯುವುದು ಪುಡಿಯನ್ನೇ.

ನಮ್ಮ ಇಂಪೆಲ್ಲರಿಗೆ ಇದಕ್ಕಿಂತ ದೊಡ್ಡ ಅಡ್ಡಿ ಇತ್ತು. ಅದು ಮುಚ್ಚಿದ ಬಗೆಯದು. ಎರಡು ತಟ್ಟೆಗಳ ನಡುವೆ ರೆಕ್ಕೆಗಳು ಸಿಕ್ಕಿಕೊಂಡಿವೆ, ಹೊರಗಿನಿಂದ ಕಾಣುವುದು ಬಾಯಿಯ ಅಂಚು ಮಾತ್ರ. ಬೆಳಕು ಹೋಗದ ಕಡೆ ಈ ಸ್ಕ್ಯಾನರ್ ಕುರುಡು. ಎಕ್ಸ್-ರೇ ಹಾಯಿಸಿ ಒಳಗನ್ನು ನೋಡುವ ಸಿ.ಟಿ. ಯಂತ್ರಗಳು ಕೈಗಾರಿಕೆಗೂ ಇವೆ, ಆದರೆ ಒಂದು ಹಳೆಯ ಪಂಪಿಗಾಗಿ ಆ ಖರ್ಚು ಹೊರುವವರಿಲ್ಲ. ತೋಟದವರನ್ನು ಕೇಳಿ, ಅವರು ಹೂಂ ಅಂದ ಮೇಲೆ, ಮೇಸ್ತ್ರಿ ಅದನ್ನು ಲೇತಿಗೆ ಕಟ್ಟಿ ಮುಂದಿನ ತಟ್ಟೆಯನ್ನು ಒಂದೊಂದೇ ಪದರವಾಗಿ ತುರಿದರು. ಅರ್ಧ ಗಂಟೆಗೆ ತಟ್ಟೆ ತೆಳುವಾಗಿ, ಕೊನೆಯ ಪದರ ಎದ್ದಾಗ ಐದು ರೆಕ್ಕೆಗಳು ಹೂವಿನ ಎಸಳಿನ ಹಾಗೆ ತೆರೆದುಕೊಂಡವು. ಆ ತಟ್ಟೆಯ ಅಳತೆಗಳನ್ನು ತುರಿಯುವ ಮೊದಲೇ ಬರೆದಿಟ್ಟುಕೊಂಡಿದ್ದೆವು.

ಆಮೇಲೆ ಸ್ಪ್ರೇ, ಆಮೇಲೆ ಮೈಮೇಲೆ ಅಲ್ಲಲ್ಲಿ ಕಪ್ಪು ಬಳೆಯ ಬಿಳಿ ಚುಕ್ಕಿಗಳ ಸ್ಟಿಕರ್. ಒಂದೇ ನೋಟದಲ್ಲಿ ಪಾರ್ಟ್ ಪೂರ್ತಿ ಸಿಗುವುದಿಲ್ಲ, ಹತ್ತಾರು ನೋಟಗಳನ್ನು ಹೊಲಿಯಬೇಕು. ಎರಡು ನೋಟಗಳಿಗೂ ಸಾಮಾನ್ಯವಾದ ಮೂರು ಚುಕ್ಕಿ ಸಿಕ್ಕರೆ, ಮತ್ತು ಅವು ಒಂದೇ ಸಾಲಿನಲ್ಲಿ ಇಲ್ಲದಿದ್ದರೆ, ಒಂದನ್ನು ಇನ್ನೊಂದರ ಮೇಲೆ ಸರಿಯಾಗಿ ಕೂರಿಸಬಹುದು. ಪರದೆಯ ಮೇಲೆ ಲಕ್ಷಾಂತರ ಬಿಂದುಗಳು ಮಂಜಿನ ಹಾಗೆ ತೇಲುತ್ತವೆ. ಹತ್ತಿರದ ಬಿಂದುಗಳನ್ನು ಪುಟ್ಟ ತ್ರಿಕೋನಗಳಾಗಿ ಕಟ್ಟಿದರೆ ಮಂಜಿಗೆ ಚರ್ಮ ಬರುತ್ತದೆ. ಆ ಚರ್ಮವನ್ನು ಸಾಮಾನ್ಯವಾಗಿ ಎಸ್‌ಟಿಎಲ್ ಎಂಬ ಫೈಲಿನಲ್ಲಿ ಕೊಡುತ್ತಾರೆ. ಆ ಫೈಲಿನಲ್ಲಿ ಸಂಖ್ಯೆ ಇರುತ್ತದೆ, ಮಿಲಿಮೀಟರೋ ಇಂಚೋ ಎಂಬುದು ಇರುವುದಿಲ್ಲ. ಫೈಲಿನ ಜೊತೆ ಒಂದು ಅಳತೆಯನ್ನು ಬಾಯಲ್ಲಾದರೂ ಹೇಳಿ ಕಳಿಸಿ. ಇಲ್ಲದಿದ್ದರೆ ಆ ಕಡೆಯವರ ಪರದೆಯಲ್ಲಿ ಪಾರ್ಟ್ 25.4 ಪಟ್ಟು ಹಿಗ್ಗಿರುತ್ತದೆ, ಇಲ್ಲವೇ ಅಷ್ಟೇ ಕುಗ್ಗಿರುತ್ತದೆ.

ಇಷ್ಟಾದ ಮೇಲೆ ಕೆಲಸ ಮುಗಿಯಿತು ಎಂದು ಬಹಳ ಜನ ತಿಳಿಯುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಸ್ಕ್ಯಾನರ್ ತಂದ ಹೊಸತರಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹಳೆಯ ಪಲ್ಪರಿನ ಗೇರೊಂದು ಬಂತು. 32 ಹಲ್ಲು. ಸ್ಕ್ಯಾನ್ ಬಹಳ ಚೆನ್ನಾಗಿ ಬಂದಿತ್ತು, ಬಂದದ್ದನ್ನು ಹಾಗೇ ಮಾಡಿಸಿ ಕೊಟ್ಟೆ. ಒಂದು ವಾರಕ್ಕೆ ಆ ಗೇರ್ ಜೋಡಿ ಗೇರನ್ನೂ ಕಡಿದುಕೊಂಡು ಹಿಂದಿರುಗಿತು. ಕುಯಿಲಿನ ಕಾಲ, ಹಣ್ಣು ಕೊಯ್ದು ರಾಶಿ ಹಾಕಿದ್ದರು, ಆ ಮನೆಯವರ ಮುಖ ನೋಡುವುದು ಕಷ್ಟವಾಯಿತು. ಆಗಿದ್ದಿಷ್ಟು: ಆ ಗೇರಿನ ಹಲ್ಲು ದಶಕಗಳ ಕಾಲ ಒಂದೇ ಬದಿಗೆ ಸವೆದಿತ್ತು. ಸ್ಕ್ಯಾನರ್ ಸವೆತವನ್ನೂ ಅಷ್ಟೇ ನಿಷ್ಠೆಯಿಂದ ಅಳೆದಿತ್ತು. ನಾನು ಸವೆದ ಗೇರನ್ನು ಹೊಸ ಲೋಹದಲ್ಲಿ ಎರಡನೇ ಸಲ ಹುಟ್ಟಿಸಿದ್ದೆ.

ಮೇಸ್ತ್ರಿ ಆ ಗೇರನ್ನು ಕೈಗೆ ತಗೊಂಡು, "ಇದರ ಹೊರ ವ್ಯಾಸ ಎಷ್ಟು ಬಂತು?" ಎಂದರು. 107.6 ಅಂದೆ. "ಬ್ರಿಟಿಷರ ಕಾಲದ್ದು ಕಣಪ್ಪ, ಇಂಚಲ್ಲಿ ಯೋಚನೆ ಮಾಡು" ಅಂದರು. ಇಂಚಿನ ಪದ್ಧತಿಯಲ್ಲಿ ಹಲ್ಲಿನ ಸಂಖ್ಯೆಗೆ ಎರಡು ಸೇರಿಸಿ ಡಿ.ಪಿ.ಯಿಂದ (ಡಯಾಮೆಟ್ರಲ್ ಪಿಚ್, ಅಂದರೆ ವ್ಯಾಸದ ಒಂದೊಂದು ಇಂಚಿಗೆ ಎಷ್ಟು ಹಲ್ಲು ಎಂಬ ಲೆಕ್ಕ) ಭಾಗಿಸಿದರೆ ಹೊರ ವ್ಯಾಸ. 34ನ್ನು 8ರಿಂದ ಭಾಗಿಸಿದರೆ 4.25 ಇಂಚು, ಅಂದರೆ 107.95 ಮಿ.ಮೀ. ಅದು 8 ಡಿ.ಪಿ. ಗೇರ್, ತುದಿ ಸವೆದು 107.6 ಆಗಿದೆ. ಆ ಒಂದು ಸಂಖ್ಯೆ ಸಿಕ್ಕ ಮೇಲೆ ಹಲ್ಲಿನ ಆಕಾರವನ್ನು ಸ್ಕ್ಯಾನಿನಿಂದ ನಕಲು ಮಾಡುವ ಅಗತ್ಯವೇ ಇರಲಿಲ್ಲ, ಪುಸ್ತಕದ ಸೂತ್ರದಿಂದ ಹೊಸದಾಗಿ ಬರೆಯಬಹುದಿತ್ತು. ಪಾರ್ಟ್ ಈಗ ಹೇಗಿದೆ ಎಂದು ಬೆಳಕು ಹೇಳುತ್ತದೆ. ಅದು ಹೇಗಿರಬೇಕಿತ್ತು ಎಂಬುದನ್ನು ಕೆಲಸ ಬಲ್ಲವರು ಹೇಳಬೇಕು. ಸ್ಕ್ಯಾನಿಂಗಿಗೆ ದುಡ್ಡು ಕೊಡುವವರು ಈ ಎರಡನೆಯ ಕೆಲಸಕ್ಕೂ ಕೊಡುತ್ತಿದ್ದೇವೆ ಎಂದು ತಿಳಿಯಬೇಕು. ನನ್ನ ಲೆಕ್ಕದಲ್ಲಿ ಬೆಲೆ ಇರುವುದು ಅದಕ್ಕೇ ಹೆಚ್ಚು.

ಇಂಪೆಲ್ಲರಿನಲ್ಲೂ ಹೀಗೇ ಮಾಡಿದೆವು. ಐದು ರೆಕ್ಕೆಗಳನ್ನು ಒಂದರ ಮೇಲೊಂದು ತಿರುಗಿಸಿ ಕೂರಿಸಿ ನೋಡಿದಾಗ, ನಾಲ್ಕು ಒಂದೊಂದು ಕಡೆ ತಿಂದುಹೋಗಿದ್ದವು, ಒಂದು ಮಾತ್ರ ಹೆಚ್ಚುಕಡಿಮೆ ಉಳಿದಿತ್ತು. ಅದನ್ನು ಆರಿಸಿ, ಗುಳಿಗಳನ್ನು ತುಂಬಿ, ನಯವಾದ ಬಾಗುಗಳಿಂದ ಮತ್ತೆ ಬರೆದು, 72 ಡಿಗ್ರಿಗೊಂದರಂತೆ ಐದು ಸಲ ಸುತ್ತಿಸಿದೆವು. ಹೊರ ವ್ಯಾಸ ಈಗ 206 ಬಂತು. ಪಂಪಿನ ಹೊರ ಕವಚವನ್ನೂ ತರಿಸಿ, ಹಿಂದಿನ ತಟ್ಟೆಯಲ್ಲಿ ಸವೆಯದೆ ಉಳಿದಿದ್ದ ಒಂದು ಚೂರು ಅಂಚನ್ನೂ ನೋಡಿದಾಗ ಮೂಲ 210 ಎಂದು ಖಾತ್ರಿಯಾಯಿತು. ನಾಲ್ಕು ಮಿಲಿಮೀಟರಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ? ಪಂಪ್ ನೀರನ್ನು ಎತ್ತುವ ಎತ್ತರ ವ್ಯಾಸದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ವ್ಯಾಸ ನೂರಕ್ಕೆ ಎರಡು ಕಡಿಮೆಯಾದರೆ ಎತ್ತರ ನೂರಕ್ಕೆ ನಾಲ್ಕರಷ್ಟು ಕಡಿಮೆ. ಗುಡ್ಡದ ತೋಟದಲ್ಲಿ ಅದು ಕಾಣುವುದು ಮೇಲಿನ ಸಾಲಿನ ಸ್ಪ್ರಿಂಕ್ಲರಿನಲ್ಲಿ.

ಎರಕ ಹೊಯ್ಯುವವರಿಗೆ ಮರಳಿನಲ್ಲಿ ಅಚ್ಚು ಮೂಡಿಸಲು ಕೊಡುವ ಮಾದರಿ, ಅಂದರೆ ಪ್ಯಾಟರ್ನ್, ಇಷ್ಟೇ ಅಳತೆಯದಾದರೆ ಸಾಲದು. ಬೀಡುಕಬ್ಬಿಣ ಆರುವಾಗ ನೂರಕ್ಕೆ ಸುಮಾರು ಒಂದರಷ್ಟು ಕುಗ್ಗುತ್ತದೆ. 210 ಬೇಕಾದರೆ ಪ್ಯಾಟರ್ನ್ 212ರ ಹತ್ತಿರ ಇರಬೇಕು, ತುರಿಯುವ ಜಾಗಗಳಲ್ಲಿ ಇನ್ನೆರಡು ಮೂರು ಮಿ.ಮೀ. ಮೈ ಬಿಡಬೇಕು. ಪ್ಯಾಟರ್ನನ್ನು ತ್ರೀಡಿ ಪ್ರಿಂಟರಿನಲ್ಲಿ ತೆಗೆದು ಶಿವಮೊಗ್ಗದ ಒಂದು ಫೌಂಡ್ರಿಗೆ ಕಳಿಸಿದೆವು. ಮರಳಿನ ಅಚ್ಚಿನಲ್ಲಿ ಬಂದ ಮೈ ಅರ್ಧ ಮಿಲಿಮೀಟರ್ ಆಚೀಚೆ ಇರುವುದು ಸಹಜ. ಅಂಥ ರೆಕ್ಕೆಗೆ 0.01 ಮಿ.ಮೀ. ನಿಖರತೆಯ ಸ್ಕ್ಯಾನ್ ಬೇಕೆಂದು ಹಟ ಹಿಡಿಯುವುದು ದುಡ್ಡು ದಂಡ. ಶಾಫ್ಟ್ ಕೂರುವ ರಂಧ್ರದ ವಿಷಯ ಬೇರೆ. ಅಲ್ಲಿ ನೂರನೇ ಒಂದು ಮಿಲಿಮೀಟರೂ ಲೆಕ್ಕಕ್ಕೆ ಬರುತ್ತದೆ, ಅದನ್ನು ನಾವು ಸ್ಕ್ಯಾನಿನಿಂದ ತೆಗೆದುಕೊಳ್ಳುವುದೇ ಇಲ್ಲ. ಬೋರ್ ಗೇಜ್, ಮೈಕ್ರೋಮೀಟರ್ ಹಿಡಿದೇ ಅಳೆಯುತ್ತೇವೆ. ಮುಟ್ಟಿ ಅಳೆಯುವ ವಿದ್ಯೆ ಹಳತಾಗಿಲ್ಲ. 1972ರಲ್ಲಿ ಡೇವಿಡ್ ಮೆಕ್‌ಮರ್ಟ್ರಿ ಕಾಂಕಾರ್ಡ್ ವಿಮಾನದ ಎಂಜಿನ್ನಿನ ಕೊಳವೆ ಅಳೆಯಲು ಕಂಡುಹಿಡಿದ ಮುಟ್ಟುಮೊನೆಯ ಪ್ರೋಬ್ ಇಂದಿಗೂ ದೊಡ್ಡ ಕಾರ್ಖಾನೆಗಳ ಅಳತೆ ಕೋಣೆಯಲ್ಲಿ ಸೂಕ್ಷ್ಮ ರಂಧ್ರಗಳ ಕೆಲಸ ಮಾಡುತ್ತಿದೆ. ಅದು ಒಂದೊಂದೇ ಬಿಂದು ಮುಟ್ಟುತ್ತದೆ, ನಿಧಾನ, ಆದರೆ ಮುಟ್ಟಿದ ಬಿಂದು ಗಟ್ಟಿ.

ಹೊಸದಾಗಿ ತಯಾರಾದ ಪಾರ್ಟನ್ನು ಡ್ರಾಯಿಂಗಿನ ಜೊತೆ ಹೋಲಿಸುವುದು ಸ್ಕ್ಯಾನರಿನ ಇನ್ನೊಂದು ದೊಡ್ಡ ಉಪಯೋಗ. ಪರದೆಯ ಮೇಲೆ ಹಸಿರು ಇದ್ದಲ್ಲಿ ಸರಿ, ಕೆಂಪು ಇದ್ದಲ್ಲಿ ಮೈ ಹೆಚ್ಚು, ನೀಲಿ ಇದ್ದಲ್ಲಿ ಕಡಿಮೆ. ನೋಡಲು ಚಂದ, ನಂಬುವ ಮುಂಚೆ ಒಂದು ಮಾತು ಕೇಳಿ: ಎರಡನ್ನೂ ಹೇಗೆ ಕೂರಿಸಿದ್ದೀರಿ? 'ಬೆಸ್ಟ್ ಫಿಟ್' ಎಂಬ ಗುಂಡಿ ಒತ್ತಿದರೆ ಸಾಫ್ಟ್‌ವೇರ್ ಪಾರ್ಟನ್ನು ಅಲುಗಿಸಿ, ಒಟ್ಟು ವ್ಯತ್ಯಾಸ ಅತಿ ಕಡಿಮೆ ಆಗುವ ಹಾಗೆ ಕೂರಿಸುತ್ತದೆ. ಹೊರಕ್ಕೆ ಚಾಚಿದ ಒಂದು ಕಿವಿಯಂಥ ಭಾಗ ಮಾತ್ರ 1 ಮಿ.ಮೀ. ವಾರೆಯಾಗಿದ್ದ ಪಾರ್ಟಿನಲ್ಲಿ ಆ ತಪ್ಪು ಮೈಯೆಲ್ಲ ಹರಡಿಕೊಂಡು ಎಲ್ಲೆಡೆ ತಿಳಿ ಹಸಿರಾಗಿ ಕಾಣಬಹುದು. ಪಾರ್ಟ್ ಯಂತ್ರದಲ್ಲಿ ಯಾವ ಮೈಯ ಮೇಲೆ ಕೂರುತ್ತದೋ, ಯಾವ ರಂಧ್ರದಿಂದ ಹಿಡಿಯುತ್ತದೋ ಅದನ್ನೇ ಆಧಾರವಾಗಿಟ್ಟು ಕೂರಿಸಿದರೆ ವಾರೆಯಾದ ಕಿವಿ ಕೆಂಪಗೆ ಎದ್ದು ಕಾಣುತ್ತದೆ. ರಿಪೋರ್ಟಿನಲ್ಲಿ ಇದನ್ನು ಬರೆಯದವರ ಬಣ್ಣದ ಚಿತ್ರವನ್ನು ನಾನು ಒಪ್ಪಿಕೊಳ್ಳುವುದಿಲ್ಲ.

ಸೆಕೆಯ ಮಾತೂ ಸೇರಿಸುತ್ತೇನೆ. ಕೈಗಾರಿಕೆಯ ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್ಸಿಗೆ ಹೇಳಿದವು. ಏಪ್ರಿಲ್ ಮಧ್ಯಾಹ್ನ ಶೀಟಿನ ಮಾಡಿನ ಕೆಳಗೆ 32 ಡಿಗ್ರಿ ಇದ್ದರೆ ಅರ್ಧ ಮೀಟರ್ ಉದ್ದದ ಅಲ್ಯೂಮಿನಿಯಂ ಪಾರ್ಟ್ ಸುಮಾರು 0.14 ಮಿ.ಮೀ. ಬೆಳೆದಿರುತ್ತದೆ. ಸ್ಕ್ಯಾನರ್ ಎಷ್ಟೇ ಒಳ್ಳೆಯದಾಗಿರಲಿ, ಅಳೆಯುತ್ತಿರುವುದು ಬೆಳೆದ ಪಾರ್ಟನ್ನು.

ಫೌಂಡ್ರಿಯಿಂದ ಎರಕ ಬಂದ ದಿನ ಅದನ್ನೂ ಸ್ಕ್ಯಾನ್ ಮಾಡಿ, ತುರಿಯಲು ಎಲ್ಲ ಕಡೆ ಮೈ ಇದೆಯೇ ಎಂದು ನೋಡಿಕೊಂಡೆವು. ಒಂದು ಬದಿಯಲ್ಲಿ ತುಸು ಕಡಿಮೆ ಇತ್ತು. ಮೇಸ್ತ್ರಿ ಲೇತಿನಲ್ಲಿ ಹಿಡಿತವನ್ನು ಅಷ್ಟು ಸರಿಸಿ ಕಟ್ಟಿದರು. ಬ್ಯಾಲೆನ್ಸ್ ನೋಡಿ, ತೋಟಕ್ಕೆ ಕಳಿಸಿದೆವು. ಮೂರನೇ ದಿನ ರಾತ್ರಿ ಫೋನ್ ಬಂತು, ಹಿಂದೆ ಡೀಸೆಲ್ ಎಂಜಿನ್ನಿನ ಸದ್ದಿನಲ್ಲಿ ಅರ್ಧ ಮಾತು ಕೇಳಿಸಲಿಲ್ಲ. "ಮೇಲಿನ ಸಾಲಿಗೂ ಏರ್ತಾ ಇದೆ" ಎಂಬುದು ಕೇಳಿಸಿತು.

ನೀವು ಯಾರಾದರೂ ಇಂಥ ಪಾರ್ಟ್ ತರುವುದಾದರೆ ತುಕ್ಕು ಕೀಳಲು ಗ್ರೈಂಡರ್ ಹಾಕಿ ತರಬೇಡಿ, ಉಳಿದಿರುವ ಒಂದೆರಡು ಮೂಲ ಅಂಚುಗಳೂ ಅದರಲ್ಲೇ ಹೋಗಿಬಿಡುತ್ತವೆ. ಸೀಮೆಎಣ್ಣೆಯಲ್ಲಿ ತೊಳೆದರೆ ಸಾಕು. ಮುರಿದಿದ್ದರೆ ಚೂರುಗಳನ್ನು ಎಸೆಯಬೇಡಿ, ಬೆಸುಗೆಯನ್ನೂ ಹಾಕಿಸಬೇಡಿ. ಮತ್ತು ಆ ಪಾರ್ಟ್ ಯಾವುದರೊಳಗೆ ಕೂರುತ್ತದೋ, ಯಾವುದರ ಜೊತೆ ತಿರುಗುತ್ತದೋ, ಆ ಜೋಡಿಯನ್ನೂ ಗೋಣಿಚೀಲದಲ್ಲಿ ಸುತ್ತಿ ತನ್ನಿ.